ಕಲೆ ಬಿದ್ದ ಕಣ್ಣಿನ ಒತ್ತಡ

ಮೆಹದಿಪಟ್ಟಣಂನ ಒಂದು ಕಣ್ಣಾಸ್ಪತ್ರೆಯಲ್ಲಿ ಶ್ರೀಲಕ್ಷ್ಮಿ ಹತ್ತೊಂಬತ್ತು ವರ್ಷಗಳಿಂದ ಒಂದೇ ಕೆಲಸ ಮಾಡಿಕೊಂಡು ಬಂದವರು: ಕಣ್ಣೊಳಗಿನ ಒತ್ತಡ ಅಳೆಯುವುದು. ಊರು ಸೇಡಂ. ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲೆ ಈ ಕೆಲಸ ಕಲಿತರು. ತೆಲುಗಿನವರಿರಲಿ, ಉರ್ದುವಿನವರಿರಲಿ, ಅವರವರ ಮಾತಿನಲ್ಲೇ ಧೈರ್ಯ ಹೇಳಿ ಗದ್ದವನ್ನು ಯಂತ್ರದ ಮೇಲೆ ಇಡಿಸುತ್ತಿದ್ದರು.

ಕಳೆದ ವರ್ಷ ಒಂದು ಸೋಮವಾರ ಲಿಂಗಣ್ಣ ಬಂದರು. ಯಾದಗಿರಿ ಕಡೆಯ ಗಾರೆ ಕೆಲಸದವರು. ಕೊಂಡಾಪುರದಲ್ಲಿ ಕೆಲಸ ಮಾಡುವಾಗ ಬಲಗಣ್ಣಿಗೆ ಸುಣ್ಣ ಸಿಡಿದು, ಕರಿಗುಡ್ಡೆಯ ಮೇಲೆ ಬಿಳಿ ಕಲೆ ಉಳಿದಿತ್ತು. ಗಾಳಿ ಊದಿ ಅಳೆಯುವ ಯಂತ್ರ ಹದಿನೆಂಟು ತೋರಿಸಿತು. ಇಪ್ಪತ್ತೊಂದರೊಳಗೆ ಇದ್ದರೆ ಸರಿ ಎನ್ನುವುದು ವಾಡಿಕೆ. ಅದನ್ನೇ ಚೀಟಿಯಲ್ಲಿ ಬರೆದು ಕಳಿಸಬಹುದಿತ್ತು. ಶ್ರೀಲಕ್ಷ್ಮಿ ಮತ್ತೆ ಊದಿಸಿದರು. ಈ ಸಲ ಹನ್ನೊಂದು ಬಂತು. ಮೂರನೆಯ ಸಲ ಅಂಕಿಯೇ ಬರಲಿಲ್ಲ.

“ನೋವು ಐತೇನ್ರಿ?” ಎಂದು ಕೇಳಿದರು.

“ತಲಿ ಒಡದ ಹೋಗುವಂಗ ಆಗ್ತೈತ್ರಿ ಅಕ್ಕಾರ. ದೀಪ ನೋಡಿದ್ರ ಸುತ್ತ ಬಣ್ಣಬಣ್ಣದ ಬಳಿ ಕಾಣಸ್ತಾವು.”

ಶ್ರೀಲಕ್ಷ್ಮಿ ಮರಗಟ್ಟಿಸುವ ಹನಿ ಹಾಕಿ, ಕಣ್ಣಿಗೆ ತಾಗಿಸಿ ಅಳೆಯುವ ನೀಲಿ ಬೆಳಕಿನ ಯಂತ್ರಕ್ಕೆ ಕೂರಿಸಿದರು. ಅದರಲ್ಲಿ ಎರಡು ಹಸಿರು ಅರ್ಧವೃತ್ತಗಳು ಒಂದಕ್ಕೊಂದು ಮುಟ್ಟಿದಾಗ ಒತ್ತಡ ಗೊತ್ತಾಗುತ್ತದೆ. ಎಡಗಣ್ಣಿನಲ್ಲಿ ಚೆನ್ನಾಗಿ ಮುಟ್ಟಿದವು. ಆ ಕಣ್ಣಿಗೆ ಎರಡೂ ಯಂತ್ರಗಳ ಅಂಕಿ ಹೆಚ್ಚುಕಡಿಮೆ ಒಂದೇ ಇತ್ತು. ಬಲಗಣ್ಣಿನ ಕಲೆಯ ಮೇಲೆ ಮಾತ್ರ ಅವು ಸೊಟ್ಟಗೆ ಮುರಿದು ಕಾಣುತ್ತಿದ್ದವು. ಕೆಟ್ಟಿದ್ದು ಯಂತ್ರವಲ್ಲ, ಕಲೆಯೇ ಅಂಕಿ ತಪ್ಪಿಸುತ್ತಿದೆ ಎಂದು ಅವರಿಗೆ ಖಾತ್ರಿಯಾಯಿತು. ಮುಚ್ಚಿದ ರೆಪ್ಪೆಗಳ ಮೇಲೆ ಬೆರಳಿಟ್ಟು ಎರಡೂ ಕಣ್ಣುಗಳನ್ನು ಮೆಲ್ಲಗೆ ಒತ್ತಿ ನೋಡಿದರು. ಬಲಗಣ್ಣು ಗಟ್ಟಿಯಾಗಿತ್ತು, ಒಳಗೆ ಒತ್ತಡ ಏರಿದ ಕಣ್ಣಿನಂತೆ.

ದೊಡ್ಡ ವೈದ್ಯ ಸೂರ್ಯನಾರಾಯಣ ಬೆರಳಿನ ಅಂದಾಜನ್ನು ಚೀಟಿಯಲ್ಲಿ ಬರೆಯಲಾಗದು ಎಂದು ತೆಲುಗಿನಲ್ಲಿ ಹೇಳಿದರು. ಶ್ರೀಲಕ್ಷ್ಮಿ ಒಪ್ಪಿದರು. ಹಾಗಾದರೆ ಉಪ್ಪಲ್ ಶಾಖೆಯಲ್ಲಿರುವ, ಕೈಯಲ್ಲಿ ಹಿಡಿಯುವ ಸಾಧನ ಬೇಕು ಎಂದರು. ಅದರ ಸಣ್ಣ ಕಡ್ಡಿ ಕಣ್ಣನ್ನು ಚೂರೇ ಚೂರು ತಟ್ಟಿ ವಾಪಸಾಗುತ್ತದೆ. ಕಲೆಯಿಲ್ಲದ ಅಂಚಿನಲ್ಲೂ ಅಳೆಯಬಹುದು. ತರಲು ಆ ದಿನ ಯಾರೂ ಬಿಡುವಾಗಿರಲಿಲ್ಲ. ಊಟ ಬಿಟ್ಟು ತಾವೇ ಬಸ್ ಹತ್ತಿದರು. ಹೊರಡುವ ಮುಂಚೆ ಲಿಂಗಣ್ಣನಿಗೆ, “ನಾ ಬರೂತನಕ ಎಲ್ಲೂ ಹೋಗಬ್ಯಾಡ್ರಿ” ಎಂದಷ್ಟೇ ಹೇಳಿದ್ದರು.

ಅವರು ಮರಳಿದಾಗ ನಾಲ್ಕು ಗಂಟೆ. ಲಿಂಗಣ್ಣ ಅದೇ ಬೆಂಚಿನ ಮೇಲಿದ್ದರು. ಸಾಧನ ನಲವತ್ತೊಂದು ತೋರಿಸಿತು. ಮತ್ತೆ ನೋಡಿದರೆ ನಲವತ್ತು, ನಲವತ್ತೆರಡು. ಸೂರ್ಯನಾರಾಯಣ ತಾವೇ ಬಂದು ನೋಡಿ, ಆಗಲೇ ಔಷಧಿ ಶುರು ಮಾಡಿದರು. ಎರಡು ತಿಂಗಳ ನಂತರ ಶಸ್ತ್ರಚಿಕಿತ್ಸೆಯೂ ಆಯಿತು. ಕಣ್ಣಿನ ನರ ಅದಾಗಲೇ ಸ್ವಲ್ಪ ಒಣಗಿತ್ತು. ಹೋದ ದೃಷ್ಟಿ ಬರಲಿಲ್ಲ. ಆದರೆ ಉಳಿದದ್ದು ಉಳಿಯಿತು. ಲಿಂಗಣ್ಣ ಈಗಲೂ ಗೋಡೆಗೆ ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು ಅದು ನೇರವಿದೆಯೇ ಎಂದು ನೋಡಬಲ್ಲರು.

ಶ್ರೀಲಕ್ಷ್ಮಿ ಅಲ್ಲಿಗೆ ನಿಲ್ಲಿಸಲಿಲ್ಲ. ಉಪ್ಪಲ್‌ನ ಸಾಧನವನ್ನು ಆರು ತಿಂಗಳ ಮಟ್ಟಿಗೆ ಕೇಳಿ ಪಡೆದು, ನೂರಾರು ಕಣ್ಣುಗಳನ್ನು ಮೂರೂ ಬಗೆಯಲ್ಲಿ ಅಳೆದು ಬರೆದಿಟ್ಟರು. ಕಲೆಯಿಲ್ಲದ ಕಣ್ಣುಗಳಲ್ಲಿ ವ್ಯತ್ಯಾಸ ಎರಡೋ ಮೂರೋ. ಕಲೆಯಿದ್ದವುಗಳಲ್ಲಿ ಇಪ್ಪತ್ತು ದಾಟಿದ್ದೂ ಇತ್ತು. ಪಟ್ಟಿ ನೋಡಿದ ಸೂರ್ಯನಾರಾಯಣ ಮೆಹದಿಪಟ್ಟಣಂಗೂ ಅಂಥದೊಂದು ಸಾಧನ ತರಿಸಿದರು. ಅದನ್ನು ಬಳಸುವುದು ಹೇಗೆಂದು ಹೊಸದಾಗಿ ಸೇರಿದವರಿಗೆ ಈಗ ಕಲಿಸುವವರು ಶ್ರೀಲಕ್ಷ್ಮಿಯೇ.