ಚಿಗವ್ವನ ಬೀಸುಕಲ್ಲು

ಮೊನ್ನೆ ಸಿಂದಗಿಯ ಬೇಳೆ ಮಿಲ್ಲಿನ ಮುಂದೆ ಹಾಯುವಾಗ ಬಿಸಿ ಹೊಟ್ಟಿನ ವಾಸನೆ ಮೂಗಿಗೆ ಬಡಿದು ನಿಂತುಬಿಟ್ಟೆ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನು. ಮೆಣಸಿಗಾಗಿ ಹಡಗುಗಳು ಬಂದವು, ಹಡಗಿನ ಹಿಂದೆ ತೋಪುಗಳು, ತೋಪಿನ ಹಿಂದೆ ರಾಜ್ಯ ಎಂದು ವರ್ಷವರ್ಷವೂ ಅದೇ ದನಿಯಲ್ಲಿ ಹೇಳಿ, ಈಗ ನನ್ನ ಪಾಠಕ್ಕೆ ನನಗೇ ಆಕಳಿಕೆ ಬರುತ್ತದೆ. ಮಕ್ಕಳನ್ನು ಬಯ್ದು ಏನು ಪ್ರಯೋಜನ, ನೀವೇ ಹೇಳಿ.

ಆ ವಾಸನೆಗೆ ನೆನಪಾದವಳು ಮನಗೂಳಿಯ ನಮ್ಮ ಚಿಗವ್ವ, ಕಾಕಾನ ಹೆಂಡತಿ. ಸುಗ್ಗಿ ಮುಗಿದ ಮೇಲೆ ಮನೆಗೆಂದು ಉಳಿಸಿದ ತೊಗರಿಯನ್ನು ನೆನೆಹಾಕಿ, ಕೆಮ್ಮಣ್ಣು ಸವರಿ, ಬಿಸಿಲಿಗೆ ಹರವುತ್ತಿದ್ದಳು. ಒಣಗಿದ ಮೇಲೆ ಬೀಸುಕಲ್ಲಿನಲ್ಲಿ ಒಡೆಯಲು ಓಣಿಯ ಹೆಂಗಸರು ಹಿತ್ತಲಿಗೆ ಬರುತ್ತಿದ್ದರು. ಬೇಳೆ ಮನೆಗೆ, ಹೊಟ್ಟು ಎಮ್ಮೆಗೆ, ನುಚ್ಚು ಒಡೆದವರ ಉಡಿಗೆ. ಹಂಚುವ ಕೈ ಚಿಗವ್ವನದು. ಯಾರ ಮಗಳನ್ನು ಯಾವ ಮನೆಗೆ ಕೊಡಬೇಕು, ಯಾವ ಗಂಡನಿಗೆ ಬುದ್ಧಿ ಹೇಳಬೇಕು ಎಂಬುದೆಲ್ಲ ಆ ಬೀಸುಕಲ್ಲಿನ ಸುತ್ತಲೇ ತೀರ್ಮಾನವಾಗುತ್ತಿತ್ತು. ಕಾಕಾ ಕೂಡ ಆಗ ಹಿತ್ತಲಿಗೆ ಕೆಮ್ಮಿಯೇ ಬರುತ್ತಿದ್ದ.

ಒಂದು ವರ್ಷ ಸರಕಾರ ತೊಗರಿಗೆ ಒಳ್ಳೆಯ ದರ ಕಟ್ಟಿತು. ಕಾಕಾ ಮನೆಯ ಚೀಲಗಳನ್ನೂ ಟೆಂಪೋದಲ್ಲಿ ಹೇರಿದ.

“ಬ್ಯಾಳಿ ಅಂಗಡ್ಯಾಗ ಸಿಗತೈತಿ. ನಿನ್ನ ರಟ್ಟಿಗೂ ಆರಾಮ ಆಗ್ಲಿ” ಅಂದ.

ಕೆಟ್ಟವನಲ್ಲ. ಉಪಕಾರ ಮಾಡುತ್ತಿದ್ದೇನೆಂದೇ ತಿಳಿದಿದ್ದ. ಹೆಂಗಸರು ಬರುವುದು ನಿಂತಿತು. ಮರುವರ್ಷ ಕಾಕಾ ನಾಲತವಾಡದಲ್ಲಿ ಮಗಳ ಮದುವೆ ಗೊತ್ತುಮಾಡಿಕೊಂಡು ಬಂದು ಚಿಗವ್ವನಿಗೆ ಸುದ್ದಿ ಹೇಳಿದ. ಕೇಳಲಿಲ್ಲ, ಹೇಳಿದ. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ.

ಆಮೇಲೆ ಹೊರದೇಶದ ತೊಗರಿ ಬಂದು ದರ ಬಿತ್ತು. ಕಾಕಾ ಮತ್ತೆ ಒಂದು ಚೀಲವನ್ನು ಮನೆಯಲ್ಲಿ ಇಳಿಸಿದ. ಅಷ್ಟರಲ್ಲಿ ಓಣಿಯ ಹೆಂಗಸರು ಬೇರೆ ಕೂಲಿ ಹಿಡಿದಿದ್ದರು. ಕರೆಯಲು ಹೋದ ಚಿಗವ್ವ ಒಬ್ಬಳೇ ಮರಳಿದಳು.

ಇದೆಲ್ಲ ನೆನಪಾಗಿ, ಮಿಲ್ಲಿನ ಮುಂದೆ ನಿಂತವನು ಹಾಗೇ ಮನಗೂಳಿಯ ದಾರಿ ಹಿಡಿದೆ. ಬರಿಗೈಯಲ್ಲಿ ಹೋಗಬಾರದೆಂದು ಅಂಗಡಿಯಿಂದ ಬೇಳೆ ಒಯ್ದಿದ್ದೆ. ಚಿಗವ್ವ ಒಂದು ಚಿಟಿಕೆ ಬೇಳೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

“ಯಾವ ಊರಿಂದೋ ತಮ್ಮಾ ಇದು?”

“ಆಫ್ರಿಕಾದ್ದಂತ ಚಿಗವ್ವಾ. ಹಡಗದಾಗ ಬರತೈತಿ ಅಂದ ಅಂಗಡ್ಯಾವ.”

ಇನ್ನು ಪಾಠ ಶುರು ಮಾಡಬೇಕು ಎನ್ನುವಷ್ಟರಲ್ಲಿ ಅವಳು ಬೇಳೆಯನ್ನು ಮೊರಕ್ಕೆ ಸುರುವಿಕೊಂಡು, ನನ್ನ ಮುಖ ನೋಡದೆ ಅಂದಳು:

“ಹಂಗಾರ ಅಲ್ಲೂ ಒಬ್ಬಾಕಿ ಬೀಸೂಕಲ್ಲ ಬಿಟ್ಟು ಸುಮ್ಮ ಕುಂತಿರ್ತಾಳ. ಮಗಳ ಲಗ್ನಕ್ಕ ಆಕಿನ್ನೂ ಯಾರೂ ಕೇಳಿರಂಗಿಲ್ಲ.”