ಭಟ್ಟಿಯಣ್ಣನ ಮತ

ಆ ಬ್ರೆಡ್ ಕಾರ್ಖಾನೆಗೆ ಯಜಮಾನ ಅಂತ ಒಬ್ಬನಿರಲಿಲ್ಲ. ಕೆಲಸ ಮಾಡುವವರೇ ಸೇರಿ ಕೊಂಡದ್ದು. ಹಿಟ್ಟು ನಾದುವವನಿಗೂ ನೆಲ ಒರೆಸುವವಳಿಗೂ ತಲೆಗೊಂದೇ ಮತ. ಕಿಟಕಿ ಎಷ್ಟು ಹೊತ್ತು ತೆಗೆದಿರಬೇಕು ಅನ್ನುವುದಕ್ಕೂ ಸಭೆ. ಸಭೆಯೆಂದರೆ ಜಗಳ, ಜಗಳ ಮುಗಿದರೆ ಕೈ ಎತ್ತುವುದು. ಹೊರಗಿನವರು ನಗುತ್ತಿದ್ದರು. ನಗಲಿ, ಬ್ರೆಡ್ಡೇನೂ ಸೀದುಹೋಗುತ್ತಿರಲಿಲ್ಲ.

ಇದನ್ನೆಲ್ಲ ಕಟ್ಟಿ ನಿಲ್ಲಿಸಿದವನು ಭಟ್ಟಿಯ ಮುಂದೆ ನಿಂತು ನಿಂತು ಹುಬ್ಬು ಸುಟ್ಟುಕೊಂಡವನು, ಎಲ್ಲರ ಬಾಯಲ್ಲೂ ಭಟ್ಟಿಯಣ್ಣ. ಅವನ ಹೆಂಡತಿ ಬ್ರೆಡ್ ಪ್ಯಾಕ್ ಮಾಡುತ್ತಿದ್ದಳು. ಅವನು ಅಣ್ಣ, ಹಾಗಾಗಿ ಅವಳು ಎಲ್ಲರಿಗೂ ಅತ್ತಿಗೆ. ಭಟ್ಟಿಯಣ್ಣ ಹಟ ಹಿಡಿದು ಮಾಡಿಸಿದ ನಿಯಮ ಒಂದಿತ್ತು: ಒಬ್ಬರ ಕೈಯನ್ನು ಇನ್ನೊಬ್ಬರು ಎತ್ತುವಂತಿಲ್ಲ. ಯಾರಾದರೂ ಹಾಸಿಗೆ ಹಿಡಿದರೆ ಸಭೆಯೇ ಎದ್ದು ಅವರ ಮನೆಗೆ ಹೋಗಬೇಕು. ಹಸುಗೂಸು ಮಲಗಿದೆ ಅಂತ ಬಾಣಂತಿಯ ಕೋಣೆಯಲ್ಲಿ ಪಿಸುಮಾತಿನಲ್ಲೇ ಜಗಳವಾಡಿದ್ದೂ ಉಂಟು.

ಕೊನೆಗೆ ಹಾಸಿಗೆ ಹಿಡಿದವನು ಭಟ್ಟಿಯಣ್ಣನೇ. ಲಕ್ವ ಹೊಡೆದು ಮಾತು ನಿಂತಿತು, ಎರಡು ಕೈಯೂ ಸ್ವಾಧೀನ ತಪ್ಪಿದವು. ಬುದ್ಧಿ ಮಾತ್ರ ನೆಟ್ಟಗಿತ್ತು. ಅದೇ ಹೊತ್ತಿಗೆ ದೊಡ್ಡ ಕಂಪನಿಯೊಂದು ಕಾರ್ಖಾನೆಯನ್ನು ಕೇಳಿಕೊಂಡು ಬಂತು. ಮಾರಿದರೆ ಎಲ್ಲರಿಗೂ ಪಾಲು. ಅತ್ತಿಗೆಗೆ ಅದು ಪಾಲಲ್ಲ, ಗಂಡನ ಚಿಕಿತ್ಸೆ.

ಸಭೆಯಲ್ಲಿ ಮತ ಸಮಸಮ ಬಿತ್ತು. ಉಳಿದಿದ್ದು ಭಟ್ಟಿಯಣ್ಣನದೊಂದೇ. ಎಲ್ಲರೂ ಮೈಮೇಲಿನ ಹಿಟ್ಟನ್ನೂ ಕೊಡವಿಕೊಳ್ಳದೆ ಅವನ ಮಂಚದ ಸುತ್ತ ನಿಂತರು. ಆ ವರ್ಷದ ಅಧ್ಯಕ್ಷ ಹಿಟ್ಟು ನಾದುವ ಗುಂಡಣ್ಣ. ಮೈ ನೋಡಿ ಇಟ್ಟ ಹೆಸರು.

"ಅಣ್ಣಾ, ಮಾರೋದಕ್ಕೆ ಒಪ್ಪಿಗೆ ಇದ್ರೆ ಒಂದ್ಸಲ ಕಣ್ಣು ಮುಚ್ಚು, ಸಾಕು" ಎಂದ ಗುಂಡಣ್ಣ.

ಭಟ್ಟಿಯಣ್ಣ ಮುಚ್ಚಲಿಲ್ಲ. ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿದರೂ ರೆಪ್ಪೆ ಬಡಿಯಲಿಲ್ಲ.

"ಅವರಿಗೆ ಕೈ ಎತ್ತಬೇಕಂತೆ ಕಣೋ" ಎಂದಳು ಅತ್ತಿಗೆ. ಗಂಡನ ಮಣಿಕಟ್ಟು ಹಿಡಿದು ತಾನೇ ಎತ್ತಿದಳು.

ಅದೇ ಒಪ್ಪಿಗೆಯ ಮತವೆಂದು ಲೆಕ್ಕಕ್ಕೆ ಬಂತು. ಮಾರಬೇಕೆಂದವರು ಯಾಕೆ ಮಾತಾಡಿಯಾರು? ಬೇಡವೆಂದವರಿಗೆ ಅತ್ತಿಗೆಯ ಮುಖ ನೋಡಿ ಬಾಯಿ ಬರಲಿಲ್ಲ. ಅವಳ ಮೇಲೆ ಎಲ್ಲರಿಗೂ ಪ್ರೀತಿಯಿತ್ತು, ಅದೇ ಮುಳುವಾಯಿತು.

ಕಂಪನಿ ಬಂದ ಮೇಲೆ ಸಭೆಗಳು ನಿಂತವು. ಸಭೆ ಸೇರೋಣ ಅಂದವರು ಒಬ್ಬೊಬ್ಬರಾಗಿ ಕೆಲಸ ಕಳೆದುಕೊಂಡರು. ಸೆಕೆ ತಾಳದೆ ಗುಂಡಣ್ಣ ಕಿಟಕಿ ತೆಗೆದರೆ ಮೇಲ್ವಿಚಾರಕ ಬೈದು ಮುಚ್ಚಿಸಿದ.

"ನೋಡಿ ಅತ್ತಿಗೆ, ದೇಶ ಆಳೋರನ್ನ ಆರಿಸೋಕೆ ನಮಗೆ ಬುದ್ಧಿ ಇದೆಯಂತೆ. ಕಿಟಕಿ ತೆಗೆಯೋಕೆ ಇಲ್ವಂತೆ!" ಎಂದು ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆದರೆ ಚಿಕಿತ್ಸೆ ಸುಳ್ಳಾಗಲಿಲ್ಲ. ಮಾತು ಮರಳದಿದ್ದರೂ ಬಲಗೈಗೆ ಮೆಲ್ಲಗೆ ಜೀವ ಬಂತು. ಭಟ್ಟಿಯಣ್ಣ ತಾನೇ ಚಮಚ ಹಿಡಿದ ದಿನ ಅತ್ತಿಗೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ತಾನು ಮಾಡಿದ್ದು ಸರಿ ಅಂತ ಅವತ್ತೊಂದು ದಿನ ಅನ್ನಿಸಿತು.

ದೇಶದ ಚುನಾವಣೆ ಬಂತು. ಓಡಾಡಲಾಗದವರ ಮತ ಪಡೆಯಲು ಅಧಿಕಾರಿಯೊಬ್ಬಳು ಮತಪತ್ರ, ಪೆಟ್ಟಿಗೆ ಹಿಡಿದು ಮನೆಗೇ ಬಂದಳು.

"ಅವರಿಗೆ ಕಷ್ಟ ಆದ್ರೆ ನೀವು ಸಹಾಯ ಮಾಡಬಹುದಮ್ಮ" ಎಂದಳು.

ದಿನಾ ಚಮಚ ಹಿಡಿಸಿ ರೂಢಿಯಾದ ಅತ್ತಿಗೆ ಅವನ ಬೆರಳಿಗೆ ಪೆನ್ಸಿಲ್ ಕೊಟ್ಟು, ಆಸರೆಗೆಂದು ತನ್ನ ಕೈಯನ್ನು ಮೇಲಿಟ್ಟಳು. ಭಟ್ಟಿಯಣ್ಣ ಅವಳನ್ನೇ ನೋಡಿದ, ರೆಪ್ಪೆ ಬಡಿಯದೆ. ಪೆನ್ಸಿಲ್ಲನ್ನು ಹಾಸಿಗೆಯ ಮೇಲೆ ಬಿಟ್ಟ. ಅವಳ ಮಣಿಕಟ್ಟು ಹಿಡಿದು, ನಡುಗುತ್ತಲೇ ಎತ್ತಿ, ಆ ಕೈಯನ್ನು ಅವಳ ಮಡಿಲಲ್ಲಿಟ್ಟ. ಆಮೇಲೆ ಪೆನ್ಸಿಲ್ ಹುಡುಕಿ ತೆಗೆದುಕೊಂಡ.

ಅತ್ತಿಗೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಕಾಯಿಲೆ ಬಿದ್ದ ಮೇಲೆ ಅವನಾಗಿ ಅವಳ ಕೈ ಹಿಡಿದದ್ದು ಅದೇ ಮೊದಲು.