ಮಾತ್ರೆಯ ಉಷ್ಣಕ್ಕೆ ಬೊಂಡ

ನಮ್ಮ ಮನೆಯಲ್ಲಿ ರೋಗಗಳು ಎರಡೇ: ಉಷ್ಣ ಮತ್ತು ಶೀತ. ಬಾಯಿಹುಣ್ಣು, ಕಣ್ಣುರಿ, ಭೇದಿ ಎಲ್ಲ ಉಷ್ಣ, ಉಳಿದದ್ದು ಶೀತ. ಇಂಗ್ಲಿಷ್ ಮದ್ದು ಯಾವುದೇ ಇರಲಿ, ಅದು ಉಷ್ಣವೇ. ಉಷ್ಣಕ್ಕೆ ಅಮ್ಮನ ಹತ್ತಿರ ಇದ್ದ ಪರಿಹಾರ ಒಂದೇ, ಬೊಂಡ. ಘಟ್ಟದ ಮೇಲಿನವರು ಎಳನೀರು ಎನ್ನುತ್ತಾರಲ್ಲ, ಅದು. ಅಂಗಳದಲ್ಲಿ ಎರಡು ಗಿಡ್ಡ ತೆಂಗಿನಮರಗಳಿದ್ದವು. ಅಮ್ಮನ ಪಾಲಿಗೆ ಅವೇ ಔಷಧಿ ಅಂಗಡಿ.

ಅಣ್ಣ ಗಲ್ಫಿನಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದ. ತಲೆನೋವು ಬಂದರೆ ನೋವಿನ ಮಾತ್ರೆ ನುಂಗಿ ಬಿಸಿಲಿಗಿಳಿಯುವುದು ಅಲ್ಲಿ ಅವನಿಗೆ ಅಭ್ಯಾಸವಾಗಿತ್ತು. ಅದು ಬಿ.ಪಿ.ಯ ತಲೆನೋವೆಂದು ಅವನಿಗೆ ಯಾರೂ ಹೇಳಲಿಲ್ಲ, ಅವನೂ ಯಾರನ್ನೂ ಕೇಳಲಿಲ್ಲ. ಕೆಲಸ ಬಿಟ್ಟು ಮಂಗಳೂರಿನ ಪಡೀಲಿನ ಮನೆಗೆ ಬಂದ ಮೇಲೆ, ಕಾಲು ಬಾತು ಚಪ್ಪಲಿ ಹಿಡಿಯದಾದಾಗ ಡಾಕ್ಟರರ ಹತ್ತಿರ ಹೋದದ್ದು. ಅತ್ತಿಗೆಯ ಜೊತೆಗೆ ನಾನೂ ಹೋಗಿದ್ದೆ. ನನ್ನ ಮನೆಯೂ ಅಲ್ಲೇ ಎರಡು ಗೇಟು ಆಚೆಗೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಕಿಡ್ನಿ ಅರ್ಧಕ್ಕಿಂತ ಹೆಚ್ಚು ಸೋತಿತ್ತು.

ಡಾಕ್ಟರರು ತಾಳ್ಮೆಯ ಮನುಷ್ಯ. ಆಂಜಿಯೋಟೆನ್ಸಿನ್ ಎಂಬುದು ನಮ್ಮ ಮೈಯೇ ತಯಾರಿಸುವ ವಸ್ತುವಂತೆ. ರಕ್ತನಾಳ, ಹೃದಯ, ಕಿಡ್ನಿ ಎಲ್ಲ ಕಡೆ ಅದು ಕೂರುವುದಕ್ಕೆ ರಿಸೆಪ್ಟರ್ ಎಂಬ ಜಾಗಗಳಿವೆಯಂತೆ. ಕೂತಿತೆಂದರೆ ನಾಳ ಬಿಗಿಯುತ್ತದೆ, ಮೈಯಲ್ಲಿ ಉಪ್ಪು ನಿಲ್ಲುತ್ತದೆ, ಬಿ.ಪಿ. ಏರುತ್ತದೆ, ಕಿಡ್ನಿಯ ಜರಡಿ ಹರಿಯುತ್ತದೆ. ಅಣ್ಣನ ಮುಖ ನೋಡಿ ಅವರು ಮತ್ತೂ ಸುಲಭ ಮಾಡಿದರು. "ಸಂಜೆ ಬಸ್ಸಿಗೆ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡೀತಾರಲ್ಲ, ಈ ಮಾತ್ರೆಯದ್ದು ಅದೇ ಕೆಲಸ. ಸೀಟಿಗೆ ಕರ್ಚೀಫ್ ಹಾಕಿಡ್ತದೆ. ಆ ಆಂಜಿಯೋಟೆನ್ಸಿನ್‌ಗೆ ಕೂರ್ಲಿಕ್ಕೆ ಆಗುದಿಲ್ಲ." ಅಣ್ಣ ನಕ್ಕ. ಅಂದು ಅವನು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ.

ಮಾತ್ರೆಯ ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಿದ್ದರು. ಅದು ಮೈಯಲ್ಲಿ ಪೊಟ್ಯಾಶಿಯಂ ಸ್ವಲ್ಪ ಉಳಿಸುತ್ತದೆ, ಸೋತ ಕಿಡ್ನಿಗೆ ಅದನ್ನು ಹೊರಹಾಕುವುದು ಕಷ್ಟ. ಆದ್ದರಿಂದ ಬಾಳೆಹಣ್ಣು, ಕಿತ್ತಳೆ ಬೇಡ. ಉಪ್ಪು ಕಡಿಮೆ. ವಾಂತಿಭೇದಿಯಾದರೆ ಕೂಡಲೇ ಫೋನ್ ಮಾಡಬೇಕು. ಅತ್ತಿಗೆ ಮನೆಗೆ ಬಂದವಳೇ ಬಾಳೆಗೊನೆಯನ್ನು ನನ್ನ ಮನೆಗೆ ಸಾಗಿಸಿದಳು. ಒಣಮೀನು, ಉಪ್ಪಿನಕಾಯಿ ನಿಂತವು. ಬೊಂಡದ ಮಾತು ಡಾಕ್ಟರರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ನಮಗದು ಹಣ್ಣಲ್ಲ, ತಿಂಡಿಯಲ್ಲ, ನೀರು. ನೀರಿಗೆ ಯಾರಾದರೂ ಪಥ್ಯ ಕೇಳುತ್ತಾರೆಯೇ?

ಅಮ್ಮ ಪ್ರತಿದಿನ ಬೆಳಿಗ್ಗೆ ಕತ್ತಿ ಹಿಡಿದು ಮೆಟ್ಟಿಲ ಮೇಲೆ ಕೂತು ಬೊಂಡ ಕೆತ್ತುತ್ತಿದ್ದಳು. ಅಣ್ಣ ಮಾತ್ರೆ ನುಂಗುತ್ತಿದ್ದದ್ದೇ ಬೊಂಡದ ನೀರಿನಲ್ಲಿ. ಉಷ್ಣವೂ ತಂಪೂ ಒಟ್ಟಿಗೆ ಹೊಟ್ಟೆಗೆ ಹೋದರೆ ಸಮ ಆಯಿತೆಂದು ಅವಳ ಲೆಕ್ಕ. ಬಿ.ಪಿ. ಇಳಿದದ್ದು, ಕಾಲಿನ ಬಾವು ಕಡಿಮೆಯಾದದ್ದು ನಿಜ. ಅದರ ಶ್ರೇಯಸ್ಸನ್ನು ಡಾಕ್ಟರರ ಜೊತೆ ಹಂಚಿಕೊಳ್ಳಲು ಅವಳು ತಯಾರಿರಲಿಲ್ಲ.

ಬೇಸಿಗೆ ಬಂತು. ಮಂಗಳೂರಿನ ಆ ಸೆಕೆಯಲ್ಲಿ ಅಣ್ಣನಿಗೆ ಭೇದಿ ಶುರುವಾಯಿತು. ಫೋನ್ ಮಾಡೋಣವೆಂದು ಅತ್ತಿಗೆ ಹೇಳಿದಳಂತೆ. ಉಷ್ಣದ ಭೇದಿಗೆ ಡಾಕ್ಟರರು ಯಾಕೆ ಎಂದು ತಾಯಿ ಮಗ ಇಬ್ಬರೂ ಒಂದೇ ಬಾಯಲ್ಲಿ ಅಂದರಂತೆ. ಮಾತ್ರೆ ನಿಲ್ಲಲಿಲ್ಲ, ಬೊಂಡ ಮಾತ್ರ ಹೆಚ್ಚಾಯಿತು. ಮೈಯ ನೀರು ಬತ್ತಿ ಕಿಡ್ನಿ ಇನ್ನಷ್ಟು ಕುಗ್ಗಿತ್ತೆಂಬುದು ಯಾರಿಗೂ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಅವನಿಗೆ ಮಂಚದಿಂದ ಕಾಲೆತ್ತಲಾಗಲಿಲ್ಲ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಎದೆಬಡಿತ ನಿಧಾನವಾಗುತ್ತಾ ಬಂತು. ಅಲ್ಲಿಯವರು ಇಂಜೆಕ್ಷನ್ ಕೊಟ್ಟರು, ಎದೆ ಒತ್ತಿದರು. ಮಧ್ಯಾಹ್ನದೊಳಗೆ ಅಣ್ಣ ಹೋದ.

ಏನು ಕೊಟ್ಟಿದ್ದಿರಿ ಎಂದು ಡಾಕ್ಟರರು ಕೇಳಿದರು. ಗಂಜಿ, ಬೊಂಡ ಅಂದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಮಾತ್ರೆ ತಪ್ಪಲ್ಲ, ಬೊಂಡವೂ ವಿಷ ಅಲ್ಲ. ಆದ್ರೆ ಅದರಲ್ಲಿ ಪೊಟ್ಯಾಶಿಯಂ ತುಂಬ ಉಂಟು. ಇವರ ಕಿಡ್ನಿಗೆ ಹೊರಗೆ ಹಾಕ್ಲಿಕ್ಕೆ ಆಗ್ಲಿಲ್ಲ. ಹೃದಯ ನಿಂತದ್ದು ಅದ್ರಿಂದ."

ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದವರ ಮೇಲೆ ನನಗೆ ಆಗ ಸುಮ್ಮನೆ ಸಿಟ್ಟು ಬಂತು. ಅತ್ತಿಗೆ ನನ್ನ ಮೊಣಕೈ ಹಿಡಿದಳು. ಗಂಡ ಹೋಗಿ ಇನ್ನೂ ಒಂದು ಗಂಟೆಯಾಗಿರಲಿಲ್ಲ.

"ಮಾಮಿಗೆ ಗೊತ್ತಾಗ್ಬಾರ್ದು," ಅಂದಳು. ಅತ್ತೆಯನ್ನು ಅವಳು ಕರೆಯುವುದು ಹಾಗೆ.

ಹೃದಯ ನಿಂತಿತು ಎಂದಷ್ಟೇ ಅಮ್ಮನಿಗೆ ಹೇಳಿದೆವು. ಅದು ಸುಳ್ಳೂ ಅಲ್ಲ. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯಂದು, ಅಣ್ಣನಿಗೆ ಎಡೆ ಬಡಿಸುವಾಗ, ಎಲೆಯ ಪಕ್ಕಕ್ಕೆ ಅಮ್ಮ ತಾನೇ ಕೆತ್ತಿದ ಬೊಂಡ ಇಟ್ಟಳು. ಹೋದವನು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದೆವು. ಅತ್ತಿಗೆ ಬಾವಿಕಟ್ಟೆಯವರೆಗೆ ಹೋಗಿ ವಾಂತಿ ಮಾಡಿದಳು.

ಈ ವರ್ಷ ನನಗೂ ಬಿ.ಪಿ. ಎಂದಾಯಿತು. ನನ್ನ ಕಿಡ್ನಿ ಸರಿಯಾಗಿದೆ, ಒಂದು ಬೊಂಡಕ್ಕೆ ಏನೂ ಆಗುವುದಿಲ್ಲ ಎಂದು ಡಾಕ್ಟರರು ಹೇಳಿದ್ದಾರೆ. ಮಾತ್ರೆ ಮಾತ್ರ ಅದೇ ಜಾತಿಯದ್ದು. ವಿಷಯ ಮುಚ್ಚಿಟ್ಟಿದ್ದೆ, ಆದರೂ ಒಂದು ದಿನ ಮೇಜಿನ ಮೇಲೆ ಮರೆತಿದ್ದ ಮಾತ್ರೆಯ ಪಟ್ಟಿಯ ಬಣ್ಣ ನೋಡಿಯೇ ಅಮ್ಮ ಗುರುತು ಹಿಡಿದಳು. ಮರುದಿನ ಬೆಳಿಗ್ಗೆ ಅತ್ತಿಗೆಯ ಕೈ ಹಿಡಿದುಕೊಂಡು ಎರಡು ಗೇಟು ದಾಟಿ ಬಂದಳು. ಸೆರಗಿನಡಿಯಲ್ಲಿ ಮುಚ್ಚಿದ ಲೋಟ.

"ಅವನಿಗೆ ನಾನು ಕಡೆಗೆ ಮಾತ್ರ ಜಾಸ್ತಿ ಕೊಟ್ಟದ್ದು," ಅಂದಳು. "ಮೊದಲಿಂದ್ಲೇ ಜಾಸ್ತಿ ಕೊಡ್ಬೇಕಿತ್ತು. ಆ ಮಾತ್ರೆ ಅವನನ್ನು ಸುಟ್ಟು ಹಾಕಿತು. ನೀನು ಬಿಡ್ಬೇಡ, ಕುಡಿ."

ಅತ್ತಿಗೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಮಾತ್ರೆಯನ್ನು ನಾಲಗೆಯ ಮೇಲಿಟ್ಟು, ಲೋಟ ಎತ್ತಿ ಕುಡಿದೆ.

"ಸಿಹಿ ಉಂಟಾ?" ಅಮ್ಮ ಕೇಳಿದಳು.

ಉಂಟು ಅಂದೆ.